ನಿಮ್ಮ ಕತೇಲಿ ಊರಿದೆ, ಕೇರಿ ಎಲ್ಲಿ?



ಉದ್ದದ ಪೋಸ್ಟು. ಪುರುಸೊತ್ತಾದಾಗ ಓದಿ. ಬೈಯೋರು ಪೂರ್ತಿ ಓದಿ ಆಮೇಲೆ ಬೈಯಿರಿ, ನನಗೇನೂ ಬೇಜಾರಿಲ್ಲ.

ಅಮೆರಿಕಕ್ಕೆ ಹೋಗಿ ನೆಲೆಸಿದ ಭಾರತೀಯರ ಬಗ್ಗೆ ಇಂಗ್ಲಿಷಿನಲ್ಲಿ ಬಂದಿರೋ ಸಣ್ಣಕತೆಗಳನ್ನ ಈಗ ನಮ್ಮ ಓದುಗರ ಗುಂಪುಗಳಲ್ಲೂ ಓದ್ತಾ ಇದ್ದಾರೆ. ಜುಂಪಾ ಲಾಹಿರಿ, ಭಾರತಿ ಮುಖರ್ಜಿ, ಚಿತ್ರಾ ಬ್ಯಾನರ್ಜಿ ದಿವಾಕರುಣಿ, ಈ ಹೆಸರುಗಳು ನಮ್ಮ ಹುಡುಗ ಹುಡುಗೀರ ಬಾಯಲ್ಲೂ ಬರ್ತಿವೆ. ಸಂತೋಷ. ಆದ್ರೆ ಓದಿ ಮುಗಿಸಿದ ಮೇಲೆ ಎಲ್ಲರೂ ಹಾಕೋ ಪೋಸ್ಟು ಮಾತ್ರ ಒಂದೇ ಥರ. ಇದು ಬೇರು ಕಳಕೊಂಡ ಭಾರತೀಯರ ಕತೆ, ಅಸ್ಮಿತೆಯ ಹುಡುಕಾಟದ ಕತೆ, ನಮ್ಮೆಲ್ಲರ ಕತೆ.

ನನ್ನ ತಕರಾರು ಆ 'ನಮ್ಮೆಲ್ಲರ' ಅನ್ನೋ ಪದದ ಮೇಲೆ.

ನಾನು ಇಂಗ್ಲಿಷ್ ಎಂ.ಎ. ಮಾಡಿದೋನಲ್ಲ. ಬಿ.ಎ. ಓದಿ ಗುಮಾಸ್ತನಾದೋನು. ಡಿಕ್ಷನರಿ ಪಕ್ಕದಲ್ಲಿಟ್ಕೊಂಡು, ಒಂದು ಕತೆಗೆ ಮೂರ್ನಾಲ್ಕು ದಿನ ತಗೊಂಡು ಓದ್ತೀನಿ. ವಿಮರ್ಶೆಯ ಥಿಯರಿ ನನ್ನ ಹತ್ರ ಇಲ್ಲ. ಆದ್ರೆ ಇಪ್ಪತ್ತು ವರ್ಷದಿಂದ ಕಚೇರೀಲಿ ಅರ್ಜಿ ನೋಡ್ತಾ ಬಂದಿದೀನಿ. ಯಾವ ಕಾಲಂ ತುಂಬಿದಾರೆ, ಯಾವುದನ್ನ ಖಾಲಿ ಬಿಟ್ಟಿದಾರೆ ಅನ್ನೋದು ಮೊದಲು ಕಣ್ಣಿಗೆ ಬೀಳುತ್ತೆ. ಈ ಕತೆಗಳನ್ನೂ ಹಾಗೇ ಓದಿದೆ. ಹೆಸರು ಇದೆ, ಭಾಷೆ ಇದೆ, ಧರ್ಮ ಇದೆ, ಊಟ ಇದೆ, ವೀಸಾ ಇದೆ. ಜಾತಿ ಕಾಲಂ ಖಾಲಿ. ನಮ್ಮ ಕಚೇರೀಲಿ ಆ ಕಾಲಂ ಖಾಲಿ ಬಿಟ್ರೆ ಅರ್ಜಿ ವಾಪಸ್ ಹೋಗುತ್ತೆ. ಸಾಹಿತ್ಯದಲ್ಲಿ ಪ್ರಶಸ್ತಿ ಬರುತ್ತೆ.

ಮೊದಲು ಒಳ್ಳೇದನ್ನ ಹೇಳಿಬಿಡ್ತೀನಿ. ಲಾಹಿರಿ ದೊಡ್ಡ ಕತೆಗಾರ್ತಿ. 1999ರಲ್ಲಿ ಬಂದ ಅವರ ಮೊದಲ ಸಂಕಲನ 'ಇಂಟರ್‌ಪ್ರಿಟರ್ ಆಫ್ ಮ್ಯಾಲಡೀಸ್'. ಒಂಬತ್ತು ಕತೆ. 2000ದಲ್ಲಿ ಪುಲಿಟ್ಜರ್ ಬಂತು. ಪರದೇಶದ ಅಡುಗೆಮನೇಲಿ ಒಂಟಿ ಹೆಂಗಸು ಮೀನು ಕತ್ತರಿಸ್ತಾ ಕೂತಿರೋದನ್ನ ಅವರು ಬರೆದ ರೀತಿ ನೋಡಿ, ಕೈ ಮುಗೀಬೇಕು. ಮಿಸೆಸ್ ಸೇನ್‌ಗೆ ಕಾರು ಓಡಿಸೋಕೆ ಭಯ. ಊರಿಂದ ತಂದ ಕತ್ತಿ, ಊರಿನ ಮೀನಿನ ನೆನಪು, ಇವೆರಡೇ ಅವಳ ಗಟ್ಟಿ ನೆಲ. ಓದಿದಾಗ ನನಗೂ ಗಂಟಲು ಕಟ್ಟಿತು. ಸಂಕಟ ಸುಳ್ಳಲ್ಲ. ಆ ಸಂಕಟ ಯಾರದು ಅಂತ ಕತೆ ಹೇಳಲ್ಲ, ಅಷ್ಟೇ.

ಈಗ ಅದೇ ಪುಸ್ತಕದ ಇನ್ನೊಂದು ಕತೆಗೆ ಬನ್ನಿ. 'ವೆನ್ ಮಿಸ್ಟರ್ ಪೀರ್ಜಾದಾ ಕೇಮ್ ಟು ಡೈನ್'. ಇಸವಿ 1971. ಬಾಸ್ಟನ್ ಹತ್ರ ಒಂದು ಬಂಗಾಳಿ ಕುಟುಂಬ. ಢಾಕಾದಿಂದ ಬಂದ ಪೀರ್ಜಾದಾ ಅನ್ನೋ ಮುಸ್ಲಿಂ ವಿದ್ವಾಂಸ ದಿನಾ ಅವರ ಮನೇಗೆ ಊಟಕ್ಕೆ ಬರ್ತಾನೆ. ಹೆಂಡತಿ ಮಕ್ಕಳು ಯುದ್ಧದ ಮಧ್ಯೆ ಅಲ್ಲೇ ಉಳಿದಿದಾರೆ. ಮನೆಯ ಚಿಕ್ಕ ಹುಡುಗಿ ನೋಡ್ತಾಳೆ. ಅಪ್ಪನೂ ಇವನೂ ಒಂದೇ ಭಾಷೆ, ಒಂದೇ ಊಟ, ಒಂದೇ ನಗು. ಮತ್ತೆ ಇವನು ಇಂಡಿಯನ್ ಅಲ್ಲ ಅಂತಾರಲ್ಲ, ಹೇಗೆ? ಬಹಳ ಮಾನವೀಯವಾದ ಕತೆ. ದೇಶದ ಗೆರೆ ಕಾಣುತ್ತೆ, ಧರ್ಮದ ಗೆರೆ ಕಾಣುತ್ತೆ, ಎರಡನ್ನೂ ಒಂದು ಊಟದ ಮೇಜು ದಾಟುತ್ತೆ.

ಆದ್ರೆ ಪೀರ್ಜಾದಾ ಆ ಮನೇಗೆ ಬಂದದ್ದು ಹೇಗೆ? ಪ್ರತಿ ಸೆಮಿಸ್ಟರ್ ಶುರುವಾದಾಗ ಹುಡುಗಿಯ ಅಪ್ಪ ಅಮ್ಮ ವಿಶ್ವವಿದ್ಯಾಲಯದ ಡೈರೆಕ್ಟರಿ ತೆಗೆದು, ಹೆಸರುಗಳ ಮೇಲೆ ಬೆರಳಾಡಿಸ್ತಾ, ತಮ್ಮ ಕಡೆಯ ಪರಿಚಿತ ಸರ್‌ನೇಮ್ ಕಂಡರೆ ಸುತ್ತು ಹಾಕ್ತಾರೆ. ಹಾಗೆ ಸುತ್ತು ಬಿದ್ದ ಹೆಸರು ಪೀರ್ಜಾದಾ.

ಕತೆಯಲ್ಲಿ ಎರಡು ಸಾಲು ಬಂದು ಹೋಗೋ ವಿವರ ಇದು. ಓದುಗರೆಲ್ಲ ಅಯ್ಯೋ ಪಾಪ, ಎಷ್ಟು ಒಂಟಿ ಜನ ಅಂತ ಮುಂದಕ್ಕೆ ಹೋಗ್ತಾರೆ. ನಾನು ಅಲ್ಲೇ ನಿಂತೆ. ಯಾಕಂದ್ರೆ ಸರ್‌ನೇಮ್ ಮೇಲೆ ಬೆರಳಾಡಿಸೋದು ಏನು ಅಂತ ನಮಗೆ ಗೊತ್ತು. ನಮ್ಮ ಜನ್ಮವೆಲ್ಲ ಅದೇ ಬೆರಳಿನ ಕೆಳಗೆ ಕಳೆದಿದೆ. ಹಾಜರಿ ಪುಸ್ತಕದಲ್ಲಿ, ಬಾಡಿಗೆ ಮನೆ ಬಾಗಿಲಲ್ಲಿ, ಪ್ರಮೋಷನ್ ಪಟ್ಟಿಯಲ್ಲಿ. ಆ ಬೆರಳು ಒಬ್ಬರನ್ನ ಊಟಕ್ಕೆ ಕರೆಯುತ್ತೆ, ಇನ್ನೊಬ್ಬರನ್ನ ದಾಟಿಕೊಂಡು ಹೋಗುತ್ತೆ. ದಾಟಿಹೋದ ಹೆಸರಿನ ಕತೆ ಯಾವ ಸಂಕಲನದಲ್ಲಿದೆ?

ನಮ್ಮ ಕನ್ನಡದವರ ಲೆಕ್ಕವೇ ತಗೊಳ್ಳಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮೇ ಇಲ್ಲ. ಊರಿನ ಹೆಸರಿನ ಒಂದಕ್ಷರ, ಅಪ್ಪನ ಹೆಸರಿನ ಒಂದಕ್ಷರ, ಮುಂದೆ ತನ್ನ ಹೆಸರು. ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಸರ್‌ನೇಮ್ ಕಾಲಂ ಬರುತ್ತೆ. ಅಪ್ಪನ ಹೆಸರು ಕರಿಯಯ್ಯ ಅಂತಿದ್ರೆ ಅದನ್ನೇ ಅಲ್ಲಿ ತುಂಬ್ತಾರೆ. ಅಲ್ಲಿಗೆ ಜೀತ ಮಾಡಿದ ಕರಿಯಯ್ಯನ ಹೆಸರು ಅಮೆರಿಕದಲ್ಲಿ ಒಂದು ಮನೆತನದ ಹೆಸರಾಗುತ್ತೆ. ಮೊಮ್ಮಗಳು ಶಾಲೇಲಿ 'ಮಿಸ್ ಕರಿಯಯ್ಯ'. ಎಂಥಾ ಕತೆ ನೋಡಿ ಇದು! ಹೊಲದ ಬದೂನಲ್ಲಿ ನಿಂತು ಗೌಡರ ಕೈಲಿ ಏಕವಚನದಲ್ಲಿ ಕರೆಸಿಕೊಂಡ ಹೆಸರು ಕ್ಯಾಲಿಫೋರ್ನಿಯಾದ ಮನೆ ಬಾಗಿಲ ಮೇಲೆ ಬಂದು ಕೂತಿದೆ. ಈ ಕತೆ ಬರೆಯೋಕೆ ಒಬ್ಬ ಲಾಹಿರಿ ಬೇಕಿತ್ತು. ಆದ್ರೆ ಡೈರೆಕ್ಟರಿ ನೋಡೋ ಬೆರಳು ಕರಿಯಯ್ಯ ಅನ್ನೋ ಹೆಸರಿಗೆ ಸುತ್ತು ಹಾಕಲ್ವಲ್ಲ.

ಹಾಕಿದ್ರೂ ಭಯವೇ. ಈ ಕತೆಗಳಲ್ಲಿ ಇನ್ನೊಬ್ಬ ಇಂಡಿಯನ್ ಸಿಗೋದು ಅಂದ್ರೆ ಹಬ್ಬ. ಲಾಹಿರಿಯ 'ಹೆಲ್-ಹೆವನ್' ಕತೇಲಿ ಪ್ರಣಬ್ ಚಕ್ರವರ್ತಿ ಅನ್ನೋ ಹುಡುಗ ಕೇಂಬ್ರಿಜ್ ಬೀದೀಲಿ ಒಬ್ಬ ಹೆಂಗಸಿನ ಸೀರೆ, ಬೈತಲೆಯ ಸಿಂಧೂರ, ಕೈಯ ಬಳೆ ನೋಡಿ ಇವಳು ನಮ್ಮೋಳೇ ಅಂತ ಗುರುತು ಹಿಡೀತಾನೆ. ಹಿಂದೆ ಹಿಂದೆ ಹೋಗಿ ಮಾತಾಡಿಸ್ತಾನೆ. ಅವತ್ತಿಂದ ಆ ಮನೆಯವನೇ ಆಗಿಬಿಡ್ತಾನೆ. ಗುರುತು ಸಿಕ್ಕೋದೇ ಅಲ್ಲಿ ಬಿಡುಗಡೆ.

ನಮ್ಮ ಕಡೆಯ ಹುಡುಗ ಒಬ್ಬ ಅಲ್ಲಿದಾನೆ. ಹೆಸರು, ಜಾಗ ಹೇಳಲ್ಲ. ಯುಗಾದಿಗೆ ಕನ್ನಡದವರ ಊಟಕ್ಕೆ ಹೋಗಿದ್ದನಂತೆ. ಫೋನಲ್ಲಿ ಹೇಳಿದ: "ಅಣ್ಣ, ನಾಲ್ಕು ಪ್ರಶ್ನೆ ಕೇಳ್ತಾರೆ. ಯಾವೂರು? ಊರಲ್ಲಿ ಯಾವ ಕಡೆ ಮನೆ? ಮನೇಲಿ ನಾನ್‌ವೆಜ್ ಮಾಡ್ತೀರಾ? ಮನೆದೇವರು ಯಾವುದು? ನಾಲ್ಕನೇದಕ್ಕೆ ಬರೋ ಹೊತ್ತಿಗೆ ತಟ್ಟೆ ಕೆಳಗಿಟ್ಟು ಹೊರಗೆ ಬಂದೆ." ಬಿಳಿಯರ ಮಧ್ಯೆ ಅವನು ಆರಾಮಾಗಿದಾನೆ. ಕನ್ನಡ ಕಿವಿಗೆ ಬಿದ್ರೆ ಎದೆ ಹೊಡ್ಕೊಳುತ್ತೆ. ತಾಯಿಭಾಷೆ ಕೇಳಿ ಹೆದರೋ ವಲಸಿಗನ ಕತೆ ನೀವು ಓದಿದೀರಾ? ನಾನು ಅದನ್ನ ಹುಡುಕ್ತಾ ಇದೀನಿ.

"ಇದೆಲ್ಲ ಒಬ್ಬಿಬ್ಬರ ಅನುಭವ, ಅಮೆರಿಕದಲ್ಲಿ ಜಾತಿ ಎಲ್ಲಿದೆ" ಅನ್ನೋರಿಗೆ ನಾಲ್ಕು ಮಾತು.

ಕ್ಯಾಲಿಫೋರ್ನಿಯಾದ ಸರ್ಕಾರಿ ಇಲಾಖೆಯೇ 2020ರ ಜೂನ್‌ನಲ್ಲಿ ಸಿಸ್ಕೊ ಕಂಪನಿ ಮೇಲೆ ಜಾತಿ ತಾರತಮ್ಯದ ಕೇಸು ಹಾಕ್ತು. ಒಬ್ಬ ದಲಿತ ಇಂಜಿನಿಯರ್ ಪರವಾಗಿ. ಅವನು ಐಐಟಿಗೆ ಮೀಸಲಾತಿಯಿಂದ ಬಂದೋನು ಅಂತ ಅದೇ ಐಐಟಿಯ ಮೇಲ್ಜಾತಿ ಮೇಲಧಿಕಾರಿ ಸಹೋದ್ಯೋಗಿಗಳಿಗೆ ಹೇಳಿದ ಅನ್ನೋದು ದೂರು. ಕಂಪನಿ ಇದನ್ನ ಒಪ್ಪಲಿಲ್ಲ. ಇಬ್ಬರು ಮೇಲಧಿಕಾರಿಗಳ ಮೇಲಿನ ಆರೋಪವನ್ನ 2023ರಲ್ಲಿ ಇಲಾಖೆಯೇ ಕೈಬಿಟ್ಟಿತು, ಕಂಪನಿ ಮೇಲಿನ ಕೇಸನ್ನ ಮುಂದುವರೆಸಿತು. ಸರಿ, ತೀರ್ಪು ಕೋರ್ಟಿಗೆ ಬಿಡೋಣ. ನಾನು ಕೇಳೋದು ಕತೆಯ ಪ್ರಶ್ನೆ. ಇಂಡಿಯಾದ ಒಂದೇ ಕಾಲೇಜಿನ ಇಬ್ಬರು ಸ್ಯಾನ್ ಹೋಸೆಯಲ್ಲಿ ಎದುರಾಗ್ತಾರೆ. ಲಾಹಿರಿಯ ಲೋಕದಲ್ಲಾದ್ರೆ ತಬ್ಬಿಕೊಂಡು ಮನೇಗೆ ಊಟಕ್ಕೆ ಕರೀತಿದ್ರು. ಆ ದೂರಿನಲ್ಲಿ ಅದೇ ಗುರುತು ಒಬ್ಬನ ಕುತ್ತಿಗೆಗೆ ಬಂತು.

2018ರಲ್ಲಿ ಈಕ್ವಾಲಿಟಿ ಲ್ಯಾಬ್ಸ್ ವರದಿ ಬಂತು. ಉತ್ತರ ಕೊಟ್ಟ ದಲಿತರಲ್ಲಿ ಮೂರರಲ್ಲಿ ಎರಡು ಪಾಲು ಜನ ಕೆಲಸದ ಜಾಗದಲ್ಲಿ ತಾರತಮ್ಯ ಆಗಿದೆ ಅಂದ್ರು. ಇಬ್ಬರಲ್ಲೊಬ್ಬರು ನಮ್ಮ ಜಾತಿ ಎಲ್ಲಿ ಗೊತ್ತಾಗುತ್ತೋ ಅನ್ನೋ ಭಯದಲ್ಲಿ ಬದುಕ್ತಿದೀವಿ ಅಂದ್ರು. ಸ್ಯಾಂಪಲ್ ಸರಿಯಿಲ್ಲ ಅಂತ ವಾದ ಮಾಡೋರಿದಾರೆ, ಮಾಡಲಿ. ಜಾತಿ ಮುಚ್ಚಿಟ್ಟು ಬದುಕೋರನ್ನ ಮನೆ ಮನೆ ಬಾಗಿಲು ತಟ್ಟಿ ಎಣಿಸೋದು ಹೇಗೆ ಅಂತಾನೂ ಅವರೇ ಹೇಳಲಿ.

2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯ ನಿಷೇಧಿಸಿತು. ಅಮೆರಿಕದಲ್ಲಿ ಮೊದಲ ನಗರ. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಎಸ್‌ಬಿ 403 ಮಸೂದೆ ಪಾಸು ಮಾಡಿತು. ಅಕ್ಟೋಬರ್‌ನಲ್ಲಿ ಗವರ್ನರ್ ನ್ಯೂಸಮ್ ಅದಕ್ಕೆ ವೀಟೊ ಹಾಕಿದ್ರು, ಈಗಿರೋ ಕಾನೂನೇ ಸಾಕು ಅಂತ. ಮಸೂದೆ ವಿರುದ್ಧ ಬೀದಿಗಿಳಿದು ಕೂಗಿದವರು ಯಾರು? ಬಿಳಿಯರಲ್ಲ. ಈ ಕತೆಗಳ ಪಾತ್ರಗಳಂಥ ಜನಾನೇ. ಅಸ್ಮಿತೆ ಕಳಕೊಂಡು ಅಳೋರು, ಜಾತಿ ಅನ್ನೋ ಪದ ಕಾನೂನಿಗೆ ಬರುತ್ತೆ ಅಂದ ಕೂಡ್ಲೆ ಅಸ್ಮಿತೆ ಪೂರ್ತಿ ನೆನಪು ಮಾಡ್ಕೊಂಡು ಬಂದ್ರು.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ.

ಕನ್ನಡದಲ್ಲಿ ಎರಡು ಪದ ಇವೆ. ಊರು ಮತ್ತು ಕೇರಿ. ಸಿದ್ಧಲಿಂಗಯ್ಯನವರು ಆತ್ಮಕತೆಗೆ 'ಊರುಕೇರಿ' ಅಂತ ಸುಮ್ಮನೆ ಹೆಸರಿಡಲಿಲ್ಲ. ನೆನಪಿನ ಕತೆ ಬರೆಯೋರು 'ನಮ್ಮೂರು' ಅಂತಾರೆ. ಅಜ್ಜಿ ಮನೆ, ತೊಟ್ಟಿ, ಜಗಲಿ, ಬಾವಿ, ದೇವಸ್ಥಾನದ ಗಂಟೆ. ಆ ಬಾವೀಲಿ ನಾವು ನೀರು ಸೇದಂಗಿರಲಿಲ್ಲ. ಆ ಜಗಲಿ ನಮಗೆ ಕೂರೋಕಲ್ಲ, ಕೆಳಗೆ ನಿಂತು ಕಾಯೋಕೆ. ಗಂಟೆ ದೂರದಿಂದ ಕೇಳ್ತಿತ್ತು, ಅಷ್ಟೇ. ಊರಲ್ಲಿ ನಮಗೆ ಕೆಲಸ ಇತ್ತು, ಜಾಗ ಇರಲಿಲ್ಲ. ಬೆಳಿಗ್ಗೆ ಊರೊಳಗೆ ಹೋಗಿ ಸಂಜೆ ಗಡಿ ದಾಟಿ ಕೇರಿಗೆ ಬರೋ ಜನ ನಾವು. ವೀಸಾ ಇಲ್ಲದ ವಲಸೆ ಕಾರ್ಮಿಕರು, ಹುಟ್ಟಿದ ಮಣ್ಣಲ್ಲೇ.

ಊರಿಗೂ ಕೇರಿಗೂ ಮಧ್ಯೆ ಇರೋ ಆ ನೂರು ಹೆಜ್ಜೆ ಇದೆಯಲ್ಲ, ಅದೇ ನಮ್ಮ ಮೊದಲ ಸಮುದ್ರ. ಅದನ್ನ ದಾಟೋಕೆ ಮೂರು ತಲೆಮಾರು ಬೇಕಾಯ್ತು. ಅದರ ಮುಂದೆ ಅಟ್ಲಾಂಟಿಕ್ ಏನು ಮಹಾ? ಟಿಕೆಟ್ ತಗೊಂಡ್ರೆ ಒಂದು ದಿನ.

ಹಾಗಂತ ನಮಗೆ ನೆನಪೇ ಇಲ್ಲ, ಬರೀ ಗಾಯ ಅಂದ್ಕೋಬೇಡಿ. ಕೇರಿಗೂ ವಾಸನೆ ಇದೆ, ಸದ್ದಿದೆ. ಮಾರಮ್ಮನ ಹಬ್ಬದ ತಮಟೆ ಇದೆ. ಅವ್ವನ ಮುದ್ದೆ ಇದೆ, ಬಾಡಿನ ಸಾರಿದೆ, ಒಣಗಿಸಿದ ಕೊರಬಾಡಿದೆ. ಸಣ್ಣಕತೆಯ ಆಸೆ ಇರೋರು ಇಲ್ಲಿ ಕಿವಿಗೊಡಿ. ಈ ವಲಸಿಗರ ಕತೆಗಳಲ್ಲಿ ಊಟಕ್ಕೆ ಬಹಳ ದೊಡ್ಡ ಜಾಗ ಇದೆ. ಮೀನು, ಸಾಸಿವೆ, ಉಪ್ಪಿನಕಾಯಿ, ಮೊಟ್ಟೆ ಸಾರು. ಅಲ್ಲಿ ಸಿಗಲ್ಲ ಅಂತ ಅಳು. ನಮ್ಮೋನು ಒಬ್ಬ ಅಲ್ಲಿಗೆ ಹೋದ ಅಂದ್ಕೊಳ್ಳಿ. ಅವನು ಬಾಲ್ಯದಲ್ಲಿ ಕದ್ದುಮುಚ್ಚಿ ತಿಂದ ದನದ ಮಾಂಸ ಅಲ್ಲಿ ಮೂಲೆ ಅಂಗಡೀಲಿ ಬೆಲೆಚೀಟಿ ಹಚ್ಚಿ ಇಟ್ಟಿರ್ತಾರೆ. ಇಡೀ ದೇಶ ತಿನ್ನೋ ಊಟ. ಜೀವನದಲ್ಲಿ ಮೊದಲ ಸಲ ಅವನ ಊಟ ಯಾರ ಕಣ್ಣಿಗೂ ಕೆಟ್ಟದಲ್ಲ. ಆದ್ರೆ ಆಫೀಸಿನ ಕ್ಯಾಂಟೀನ್‌ನಲ್ಲಿ ಪಕ್ಕದ ಟೇಬಲ್ಲಿಗೆ ಇಬ್ಬರು ಇಂಡಿಯನ್ನರು ಬಂದು ಕೂತ ಕೂಡ್ಲೆ ಅವನ ಕೈ ತಟ್ಟೆ ಮುಚ್ಚುತ್ತೆ. ಅಮೆರಿಕನ್ನರ ಮುಂದೆ ಉಣ್ಣಬಹುದು, ನಮ್ಮೋರ ಮುಂದೆ ಉಣ್ಣಂಗಿಲ್ಲ. ಹಾಗಾದ್ರೆ ಅವನು ಎಲ್ಲಿಯವನು? ಸಾಂಸ್ಕೃತಿಕ ಅಸ್ಮಿತೆ ಅಂತ ಸೆಮಿನಾರ್ ಮಾಡೋರು ಈ ತಟ್ಟೆ ಎದುರು ಒಂದು ನಿಮಿಷ ಕೂತ್ಕೊಳ್ಳಿ.

"ಲೇಖಕಿ ತನಗೆ ಗೊತ್ತಿರೋದನ್ನ ಬರೀತಾಳೆ. ಪ್ರತಿ ಕತೇಲೂ ಒಬ್ಬ ದಲಿತ ಇರಬೇಕಾ? ಇದೇನು ರೋಸ್ಟರ್ ಪಾಯಿಂಟಾ?" ಅಂತ ಕೇಳ್ತೀರಿ. ಬಲ್ಲೆ. ರೋಸ್ಟರ್ ರಿಜಿಸ್ಟರ್ ಬರೆಯೋನಿಗೇ ಈ ಪ್ರಶ್ನೆ ಕೇಳ್ತಿದೀರಿ.

ನನಗೆ ಪಾತ್ರದಲ್ಲಿ ಮೀಸಲಾತಿ ಬೇಡ. ಮೇಲ್ಜಾತಿ ಪಾತ್ರಾನೇ ಬರೀರಿ, ಒಂಬತ್ತಕ್ಕೆ ಒಂಬತ್ತೂ ಬರೀರಿ. ಆದ್ರೆ ಮೇಲ್ಜಾತಿ ಅಂತ ಗೊತ್ತಾಗೋ ಹಾಗೆ ಬರೀರಿ. ಲಾಹಿರಿಯ 'ದಿಸ್ ಬ್ಲೆಸೆಡ್ ಹೌಸ್' ಕತೇಲಿ ಹೊಸ ಮನೇಲಿ ಏಸು ವಿಗ್ರಹ ಸಿಕ್ಕಿದಾಗ ಗಂಡ ಹೆಂಡತಿಗೆ ತಾವು ಹಿಂದೂಗಳು ಅನ್ನೋದು ನೆನಪಿಗೆ ಬರುತ್ತೆ, ಬಾಯಲ್ಲೂ ಬರುತ್ತೆ. ಹಿಂದೂಗಳೊಳಗೆ ಯಾರು ಅನ್ನೋದು ಬರಲ್ಲ. ಚಕ್ರವರ್ತಿ ಅನ್ನೋ ಸರ್‌ನೇಮ್ ಯಾವ ಜಾತೀದು ಅಂತ ಬಂಗಾಳದೋರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಓದೋ ಅಮೆರಿಕನ್ನರಿಗೆ ಮಾತ್ರ ಅದು 'ಇಂಡಿಯನ್' ಹೆಸರು. ಒಂದು ಜಾತಿಯ ಮನೆ ಇಡೀ ದೇಶದ ಮನೆಯಾಗಿ ಅಲ್ಲಿ ಮಾರಾಟ ಆಗುತ್ತೆ. ಆಮೇಲೆ ಅದೇ ನಮ್ಮ ಪಠ್ಯಪುಸ್ತಕಕ್ಕೆ ವಾಪಸ್ ಬಂದು, 'ಭಾರತೀಯ ಸಂಸ್ಕೃತಿ' ಅಂತ ನಮ್ಮ ಮಕ್ಕಳೇ ಪರೀಕ್ಷೇಲಿ ಬರೀತಾರೆ.

ಆ ಮನೆ ಅಮೆರಿಕಕ್ಕೆ ಹೋದದ್ದೂ ಹೇಗೆ ಅಂತ ನೋಡಿ. 1965ರಲ್ಲಿ ಅಮೆರಿಕ ವಲಸೆ ಕಾನೂನು ಬದಲಾಯಿಸಿತು. ಡಾಕ್ಟರು, ಇಂಜಿನಿಯರು, ವಿಜ್ಞಾನಿಗಳಿಗೆ ಬಾಗಿಲು ತೆರೀತು. 1965ರಲ್ಲಿ ನಮ್ಮ ಕೇರೀಲಿ ಎಷ್ಟು ಜನ ಡಾಕ್ಟರಿದ್ರು? ಎಸ್‌ಎಸ್‌ಎಲ್‌ಸಿ ಪಾಸಾದೋನನ್ನ ನೋಡೋಕೆ ಜನ ಬರೋ ಕಾಲ ಅದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಒಂದು ಅಧ್ಯಯನದ ಪ್ರಕಾರ 2003ರಲ್ಲೂ ಅಲ್ಲಿನ ಭಾರತೀಯ ವಲಸಿಗರಲ್ಲಿ ದಲಿತರು, ಕೆಳಜಾತಿಯೋರು ಸೇರಿ 1.5 ಪರ್ಸೆಂಟ್ ಮಾತ್ರ. ಅಂದ್ರೆ ಮೊದಲು ಶತಮಾನಗಟ್ಟಲೆ ಇಲ್ಲಿ ಜರಡಿ ಹಿಡಿದ್ರು, ಆಮೇಲೆ ವೀಸಾ ಆಫೀಸಲ್ಲಿ ಇನ್ನೊಂದು ಜರಡಿ. ಎರಡೂ ಜರಡಿ ದಾಟಿದೋರು ಅಲ್ಲಿ ಹೋಗಿ ನಾವು ಅಲ್ಪಸಂಖ್ಯಾತರು, ನಾವು ಅನಾಥರು ಅಂತ ಕತೆ ಬರೀತಾರೆ. ಬರೀಲಿ. ಜರಡಿಯ ವಿಚಾರಾನೂ ಒಂದು ಸಾಲು ಇರಲಿ.

ಜರಡಿ ದಾಟಲಾರದೋರು ಈ ಪುಸ್ತಕದಲ್ಲಿ ಇಲ್ವೇ ಇಲ್ವಾ? ಇದಾರೆ. 'ಎ ರಿಯಲ್ ದರ್ವಾನ್' ಕತೆ ನೋಡಿ. ಕಲ್ಕತ್ತದ ಒಂದು ಕಟ್ಟಡ, ಮೆಟ್ಟಿಲು ಗುಡಿಸೋ ಮುದುಕಿ ಬೂರಿ ಮಾ. ದೇಶ ವಿಭಜನೆಯಲ್ಲಿ ಎಲ್ಲ ಕಳಕೊಂಡು ಬಂದೋಳು. ಕಳ್ಳತನ ಆದಾಗ ಕಟ್ಟಡದೋರೆಲ್ಲ ಸೇರಿ ಅವಳನ್ನ ಬೀದಿಗೆ ಹಾಕ್ತಾರೆ. ಅವಳು ದಲಿತಳು ಅಂತ ಕತೆ ಹೇಳಲ್ಲ. ಹಿಂದೆ ನನಗೆ ದೊಡ್ಡ ಮನೆ ಇತ್ತು, ಐಶ್ವರ್ಯ ಇತ್ತು ಅಂತ ಅವಳೇ ಹೇಳ್ಕೊತಾಳೆ. ನನಗೆ ಚುಚ್ಚಿದ್ದು ಇದು. ಪೊರಕೆ ಹಿಡಿದೋಳಿಗೆ ನಮ್ಮ ಕಣ್ಣೀರು ಸಿಗಬೇಕಾದ್ರೆ ಅವಳು ಒಂದು ಕಾಲಕ್ಕೆ ಪೊರಕೆ ಹಿಡಿಯದೋಳಾಗಿರಬೇಕು. ತಲೆತಲಾಂತರದಿಂದ ಹಿಡಿದೋಳು ಕಳಕೊಳ್ಳೋಕೆ ಏನಿದೆ, ಅಲ್ವಾ? ಇನ್ನೂ ಒಂದು. ಮೆಟ್ಟಿಲು ಗುಡಿಸೋಳ ಕತೆ ಇಂಡಿಯಾದಲ್ಲೇ ಮುಗಿಯುತ್ತೆ. ಅವಳಿಗೆ ವಿಮಾನ ಇಲ್ಲ.

ಆದ್ರೆ ಕೇರಿಯ ಹೆಣ್ಣುಮಕ್ಕಳೂ ವಿಮಾನ ಹತ್ತಿದ್ರು. ಹೇಗೆ ಅಂತ ಕೇಳಿ. ಲಾಹಿರಿಯ ಪುಸ್ತಕ ಬಂದ ಅದೇ 1999ರ ನವೆಂಬರ್. ಕ್ಯಾಲಿಫೋರ್ನಿಯಾದ ಬರ್ಕ್ಲಿ ಪಟ್ಟಣ. ಸಾವಿರಕ್ಕೂ ಹೆಚ್ಚು ಬಾಡಿಗೆ ಮನೆಗಳ ಒಡೆಯ ಲಕಿರೆಡ್ಡಿ ಬಾಲಿ ರೆಡ್ಡಿ. ಅವನ ಒಂದು ಬಾಡಿಗೆ ಮನೇಲಿ ವಿಷಗಾಳಿ ತುಂಬಿ 17 ವರ್ಷದ ತೆಲುಗು ಹುಡುಗಿ ಸತ್ತಳು. ಆಂಧ್ರದಲ್ಲಿ ಅವನ ಸ್ವಂತ ಊರಿನ ಕಡೆಯಿಂದ ಬಡ, ಕೆಳಜಾತಿ ಮನೆಗಳ ಹೆಣ್ಣುಮಕ್ಕಳನ್ನ ಸುಳ್ಳು ಕಾಗದಪತ್ರ ಮಾಡಿಸಿ ತಂದು ದುಡಿಸ್ಕೊತಿದ್ದ, ಮೈ ಬಳಸ್ಕೊತಿದ್ದ ಅನ್ನೋದು ಆಮೇಲೆ ಬಯಲಾಯ್ತು. ಅವನು ತಪ್ಪೊಪ್ಪಿಕೊಂಡ, 2001ರಲ್ಲಿ ಜೈಲು ಶಿಕ್ಷೆ ಆಯ್ತು. ಮೊದಲು ಅನುಮಾನ ಪಟ್ಟು ಬರೆದೋರು ಯಾರು ಗೊತ್ತಾ? ಬರ್ಕ್ಲಿ ಹೈಸ್ಕೂಲಿನ ವಿದ್ಯಾರ್ಥಿಗಳು, ತಮ್ಮ ಶಾಲಾ ಪತ್ರಿಕೆಯಲ್ಲಿ. ನಮ್ಮ ವಯಸ್ಸಿನ ಈ ಹುಡುಗಿ ಯಾಕೆ ಶಾಲೆಗೆ ಬರ್ತಿರಲಿಲ್ಲ ಅನ್ನೋ ಒಂದು ಪ್ರಶ್ನೆ ಹಿಡಿದು ಹೊರಟ್ರು.

ಆ ಹುಡುಗೀರೂ ಇಂಡಿಯನ್ ವಲಸಿಗರೇ. ಅವರಿಗೂ ತಾಯಿ ನೆನಪಾಗಿರುತ್ತೆ. ಊರಿನ ಒಡೆತನ ಅವರ ಜೊತೆ ವಿಮಾನ ಹತ್ತಿ, ಸಮುದ್ರ ದಾಟಿ, ಅಲ್ಲೂ ಒಡೆತನವಾಗೇ ಇಳೀತು. ಶಾಲೆ ಮಕ್ಕಳಿಗೆ ಕಂಡ ಪ್ರಶ್ನೆ ಪ್ರಶಸ್ತಿ ತಗೊಂಡ ಕತೆಗಳಿಗೆ ಯಾಕೆ ಕಾಣಲಿಲ್ಲ?

ಈಗ ನೂರು ವರ್ಷ ಹಿಂದಕ್ಕೆ ಹೋಗೋಣ. ಈ ವಿಷಯ ಇವತ್ತಿಂದಲ್ಲ.

1923ರಲ್ಲಿ ಭಗತ್ ಸಿಂಗ್ ಥಿಂದ್ ಅನ್ನೋರ ಕೇಸು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯ್ತು. ಪೌರತ್ವ ಬೇಕಿತ್ತು, ಆಗ ಬಿಳಿಯರಿಗೆ ಸುಲಭ. ಅವರ ಪರ ವಾದ ಏನು? ನಾನು ಮೇಲ್ಜಾತಿ ಹಿಂದೂ, ಆರ್ಯ ರಕ್ತದೋನು, ಆದ್ದರಿಂದ ಬಿಳಿಯ. ಅಷ್ಟೇ ಅಲ್ಲ, ನೀವು ಕರಿಯರ ಜೊತೆ ಮದುವೆ ಸಂಬಂಧ ಹೇಗೆ ನೋಡ್ತೀರೋ ನಾವು ಅಲ್ಲಿನ ಕೆಳಗಿನೋರನ್ನ ಹಾಗೇ ನೋಡ್ತೀವಿ ಅನ್ನೋ ಮಾತೂ ಆ ವಾದದಲ್ಲಿತ್ತು. ಕೋರ್ಟು ಒಪ್ಪಲಿಲ್ಲ. ಆದ್ರೆ ನೋಡಿ, ನಾನು ಇಲ್ಲಿಗೆ ಸೇರಿದವನು ಅಂತ ಅಮೆರಿಕದ ಅತಿ ದೊಡ್ಡ ಕೋರ್ಟಿನಲ್ಲಿ ಹೇಳೋಕೆ ಭಾರತೀಯನೊಬ್ಬ ಮೇಲೆತ್ತಿ ತೋರಿಸಿದ ಕಾಗದ ಅವನ ಜಾತಿ.

ಅದಕ್ಕೆ ಏಳು ವರ್ಷ ಮೊದಲು, 1916ರ ಮೇ 9ರಂದು, ಅದೇ ದೇಶದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 25 ವರ್ಷದ ಇನ್ನೊಬ್ಬ ಭಾರತೀಯ ಒಂದು ಪ್ರಬಂಧ ಓದಿದ. 'ಭಾರತದಲ್ಲಿ ಜಾತಿಗಳು'. ಹಿಂದೂಗಳು ಬೇರೆ ನಾಡುಗಳಿಗೆ ವಲಸೆ ಹೋದ್ರೆ ಜಾತಿ ಜಗತ್ತಿನ ಸಮಸ್ಯೆ ಆಗುತ್ತೆ ಅಂತ ಕೇತ್ಕರ್ ಹೇಳಿದ ಮಾತನ್ನ ಎತ್ತಿ ತೋರಿಸಿದ. ಬಾಬಾಸಾಹೇಬರು ಎಚ್ಚರಿಕೆ ಕೊಟ್ಟದ್ದು ನ್ಯೂಯಾರ್ಕಿನಲ್ಲೇ ನಿಂತು. ಅದಾಗಿ 107 ವರ್ಷಕ್ಕೆ ಸಿಯಾಟಲ್‌ಗೆ ಕೇಳಿಸ್ತು.

ವಲಸಿಗನ ಬದುಕಿನ ಬರಹ ಯಾವುದು ದೊಡ್ಡದು ಅಂತ ನನ್ನ ಕೇಳಿದ್ರೆ, ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಅಂತೀನಿ. ಇಪ್ಪತ್ತು ಚಿಲ್ಲರೆ ಪುಟ. ಅದು ಕಟ್ಟುಕತೆಯಲ್ಲ, ಬದುಕು. ಅಮೆರಿಕ, ಲಂಡನ್‌ನಲ್ಲಿ ಇದ್ದ ವರ್ಷಗಳಲ್ಲಿ ತಾವು ಅಸ್ಪೃಶ್ಯ ಅನ್ನೋದೇ ಅವರ ಮನಸ್ಸಿಂದ ಅಳಿಸಿಹೋಗಿತ್ತು. 1917ರಲ್ಲಿ ಬರೋಡಕ್ಕೆ ವಾಪಸ್ ಬಂದು ಸ್ಟೇಷನ್ ಇಳಿದ ಕೂಡ್ಲೆ ಪ್ರಶ್ನೆ: ಎಲ್ಲಿ ಉಳಿಯೋದು? ಪಾರ್ಸಿ ಹೆಸರಿಟ್ಕೊಂಡು ಪಾರ್ಸಿಗಳ ಛತ್ರದಲ್ಲಿ ಕೆಲವು ದಿನ ಇದ್ರು. ದೊಣ್ಣೆ ಹಿಡಿದು ಬಂದ್ರು. ಅಷ್ಟು ಓದಿದ ಮನುಷ್ಯ ಹೊರಗೆ ಬಿದ್ದು, ರೈಲಿನ ಹೊತ್ತು ಆಗೋವರೆಗೂ ಒಂದು ಪಾರ್ಕಿನಲ್ಲಿ ಕೂತು ಸಂಕಟಪಟ್ರು.

ಈಗ ಎರಡನ್ನೂ ಪಕ್ಕ ಪಕ್ಕ ಇಡಿ. ಅವರ ಕತೇಲಿ ಪರದೇಶ ಪರಕೀಯ, ಊರು ತನ್ನದು. ನಮ್ಮ ಕತೇಲಿ ಪರದೇಶದಲ್ಲಿ ಮನುಷ್ಯ, ಊರಿಗೆ ಬಂದ್ರೆ ವೀಸಾ ಇಲ್ಲ. ಎರಡನ್ನೂ ಸೇರಿಸಿ 'ನಮ್ಮೆಲ್ಲರ ಕತೆ' ಅಂದ್ರೆ ಯಾರಿಗೆ ಲಾಭ, ನೀವೇ ಹೇಳಿ.

ಕನ್ನಡದ ಮಾತೂ ಹೇಳಬೇಕು. ಅಮೆರಿಕದಲ್ಲಿರೋ ಭಾರತೀಯನ ಅಸ್ಮಿತೆ ಬಗ್ಗೆ ನಾನು ಓದಿದ ಸಣ್ಣಕತೆಗಳಲ್ಲಿ ಬಹಳ ಹರಿತವಾದದ್ದು ಕನ್ನಡದ್ದು. ಎ.ಕೆ. ರಾಮಾನುಜನ್ ಅವರ 'ಅಣ್ಣಯ್ಯನ ಮಾನವಶಾಸ್ತ್ರ'. ಮೈಸೂರು ಕಡೆಯ ಬ್ರಾಹ್ಮಣ ಹುಡುಗ ಶಿಕಾಗೋದಲ್ಲಿ ಓದೋಕೆ ಹೋಗಿದಾನೆ. ಲೈಬ್ರರೀಲಿ ಹಿಂದೂ ಆಚಾರಗಳ ಬಗ್ಗೆ ಬಿಳಿಯನೊಬ್ಬ ಬರೆದ ಪುಸ್ತಕ ತಿರುವಿ ಹಾಕ್ತಾ, ಅದರೊಳಗಿನ ಫೋಟೊಗಳಲ್ಲಿ ತನ್ನ ಮನೆಯನ್ನೇ ಕಾಣ್ತಾನೆ. ಅಪ್ಪನ ಸಾವು, ತಲೆ ಬೋಳಿಸಿದ ಅವ್ವ. ಮನೆಯೋರು ಅವನಿಗೆ ತಿಳಿಸದೆ ಮುಚ್ಚಿಟ್ಟದ್ದು ಅಚ್ಚಾಗಿ ಎದುರಿಗೆ ಬಂದಿದೆ. ಇಲ್ಲಿ ಜಾತಿ ಕಾಲಂ ಖಾಲಿ ಇಲ್ಲ. ತನ್ನ ಮನೆಯ ಆಚಾರ ಅನ್ನೋದು ತನ್ನ ತಾಯಿಗೆ ಏನು ಮಾಡಿತು ಅಂತ ಆ ಕತೆ ಕಣ್ಣು ಬಿಟ್ಟು ನೋಡುತ್ತೆ. ಇಷ್ಟು ಪ್ರಾಮಾಣಿಕತೆ ಇದ್ರೆ ನನಗೆ ಸಾಕು. ಬ್ರಾಹ್ಮಣ ಬರೆದ, ಬ್ರಾಹ್ಮಣನ ಕತೆ. ಆದ್ರೂ ನಾನು ತಲೆ ಬಾಗ್ತೀನಿ.

ಅದನ್ನ ಓದುವಾಗ ಇನ್ನೊಂದು ನೆನಪಾಯ್ತು. ಬಿಳಿಯನ ಪುಸ್ತಕದಲ್ಲಿ ತನ್ನೋರ ಫೋಟೊ ಕಂಡು ಅಣ್ಣಯ್ಯ ಬೆಚ್ಚಿಬಿದ್ದ. ನಮ್ಮೋರ ಫೋಟೊ ಆ ಥರದ ಪುಸ್ತಕಗಳಲ್ಲಿ ಎಷ್ಟು ಕಾಲದಿಂದ ಇದೆ! 1909ರಲ್ಲಿ ಬಂದ ಥರ್ಸ್ಟನ್‌ನ ಏಳು ಸಂಪುಟ ತೆಗೆದು ನೋಡಿ. ಸಾಲಾಗಿ ನಿಲ್ಲಿಸಿ, ಮೂಗಿನ ಉದ್ದಗಲ ಅಳೆದು ಬರ್ಕೊಂಡಿದಾರೆ. ಫೋಟೊದಲ್ಲಿ ನಿಂತೋರ ಹೆಸರು ಕೂಡ ಬರೆದಿಲ್ಲ, ಜಾತಿ ಹೆಸರು ಮಾತ್ರ. ಅಣ್ಣಯ್ಯನಿಗೆ ಅದು ಒಂದು ದಿನದ ಆಘಾತ. ನಮಗೆ ಅದೇ ಗುರುತಿನ ಚೀಟಿ.

ಇದರಿಂದಲೇ ನಮ್ಮೋರು ಅಲ್ಲಿಂದ ಬರೆದದ್ದು ಹೆಚ್ಚಾಗಿ ಆತ್ಮಕತೆ. ನ್ಯೂಯಾರ್ಕ್ ಸಬ್‌ವೇ ರೈಲಿನಲ್ಲಿ ಕಂಡಕ್ಟರ್ ಕೆಲಸ ಮಾಡೋ ಸುಜಾತಾ ಗಿಡ್ಲಾ 2017ರಲ್ಲಿ 'ಆಂಟ್ಸ್ ಅಮಾಂಗ್ ಎಲಿಫೆಂಟ್ಸ್' ಬರೆದ್ರು. ಯಶಿಕಾ ದತ್ 2019ರಲ್ಲಿ 'ಕಮಿಂಗ್ ಔಟ್ ಆ್ಯಸ್ ದಲಿತ್' ಬರೆದ್ರು. ರೋಹಿತ್ ವೇಮುಲನ ಸಾವು ಕೇಳಿದ ಮೇಲೆ, ಅಷ್ಟು ವರ್ಷ ಮುಚ್ಚಿಟ್ಟ ಜಾತಿಯನ್ನ ಬಯಲಿಗೆ ಇಟ್ಟೋರು ಅವರು. ಯಾಕೆ ಆತ್ಮಕತೆ? ನಾವು ಕತೆ ಬರೆದ್ರೆ ಕಟ್ಟಿದ್ದು ಅಂತಾರೆ. ಅದಕ್ಕೆ ಹೆಸರು, ಇಸವಿ, ಊರು ಕೊಟ್ಟು ಸಾಕ್ಷಿ ಹೇಳ್ತೀವಿ. ಅವರಿಗೆ ಕಲ್ಪನೆ ಮಾಡೋ ಹಕ್ಕಿದೆ, ನಮಗೆ ಪುರಾವೆ ಒದಗಿಸೋ ಕೆಲಸ. ಈ ಹಂಚಿಕೆಯೂ ಜಾತೀದೇ.

1973ರಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಿದ್ದಕ್ಕೆ ರಾಜ್ಯವೇ ಹೊತ್ತಿ ಉರೀತು. ಅವರ ಮಂತ್ರಿ ಪದವಿ ಹೋಯ್ತು. ನಮ್ಮ ಹುಡುಗರು ಹಾಸ್ಟೆಲ್ಲುಗಳಲ್ಲಿ ಏಟು ತಿಂದ್ರು. ಆ ಏಟು ತಿಂದ ತಲೆಮಾರಿನಿಂದಲೇ ದಲಿತ ಸಂಘರ್ಷ ಸಮಿತಿ ಬಂತು, ನಮ್ಮ ಸಾಹಿತ್ಯ ಬಂತು. ಕಳೆದುಹೋದ ಹುಂಜ ಹುಡುಕೋ ದೇವನೂರರ ಸಾಕವ್ವ ಕನ್ನಡದ ತಾಯಿಯಾದಳು. ಅಲ್ಲೀವರೆಗೂ 'ಮನೆ' ಅಂದ್ರೆ ಕನ್ನಡ ಕತೇಲಿ ಯಾರ ಮನೆ ಅಂತ ಯಾರೂ ಕೇಳಿರಲಿಲ್ಲ. ಕೇಳಿದ ಮೇಲೆ ಕನ್ನಡ ಸಣ್ಣಕತೆ ಚಿಕ್ಕದಾಗಲಿಲ್ಲ, ಬೆಳೀತು.

ಲಾಹಿರಿಯನ್ನ ನಾನು ಬೂಸಾ ಅನ್ನಲ್ಲ. ಅಲ್ಲಿ ಕಾಳಿದೆ. ಆದ್ರೆ ಆ ಕಾಳು ಯಾರ ಕಣಜದ್ದು ಅಂತ ಕೇಳೋ ಹಕ್ಕು ನನಗಿದೆ, ನಿಮಗಿದೆ.

ಅದಕ್ಕೆ ಮೂರು ಮಾತು ಕೇಳ್ಕೋತೀನಿ.

ಓದುಗ ಗೆಳೆಯರೆ, ಈ ಕತೆಗಳನ್ನ ಓದೋದು ಬಿಡಬೇಡಿ. ಓದಿ, ಆದ್ರೆ ಪ್ರತಿ ಸಲ ಕೇಳಿ: ಈ ಮನೆಗೆ ಹಿತ್ತಲ ಬಾಗಿಲಿತ್ತಾ? ಅದರಲ್ಲಿ ಬಂದು ಹೋಗ್ತಿದ್ದೋರು ಯಾರು? ಅವರು ಈಗೆಲ್ಲಿದಾರೆ?

ಮೇಷ್ಟ್ರುಗಳೆ, ವಲಸೆ ಸಾಹಿತ್ಯ ಅಂತ ಪಾಠ ಮಾಡುವಾಗ ಲಾಹಿರಿಯ ಪಕ್ಕದಲ್ಲಿ ಬಾಬಾಸಾಹೇಬರ ಆ ಇಪ್ಪತ್ತು ಪುಟ ಇಡಿ. ಬೇರೇನೂ ಮಾಡಬೇಡಿ, ಅಷ್ಟು ಸಾಕು. ಮಕ್ಕಳೇ ಮಿಕ್ಕದ್ದು ಕೇಳ್ತಾರೆ.

ಕೊನೇದು, ಅಲ್ಲಿರೋ ನಮ್ಮ ಹುಡುಗ ಹುಡುಗೀರಿಗೆ. ಡಲ್ಲಾಸ್‌ನಲ್ಲೋ ಸ್ಯಾನ್ ಹೋಸೆಯಲ್ಲೋ ಬಾಗಿಲು ಹಾಕ್ಕೊಂಡು ಅವ್ವನ ಸಾರು ಮಾಡ್ಕೊತಾ, ಪಕ್ಕದ ಮನೆ ಇಂಡಿಯನ್ನರಿಗೆ ವಾಸನೆ ಹೋದೀತು ಅಂತ ಕಿಟಕಿ ಮುಚ್ಚೋರಿಗೆ. ನಿಮ್ಮ ಕತೆ ಯಾರೂ ಬರೆದಿಲ್ಲ. ಹೆಸರು ಬದಲಾಯಿಸಿ ಬರೀರಿ, ಊರು ಬದಲಾಯಿಸಿ ಬರೀರಿ, ಕನ್ನಡದಲ್ಲಿ ಬರೀರಿ. ಸಾಕ್ಷಿ ಬೇಡ, ಕತೆಯನ್ನೇ ಬರೀರಿ. ಎರಡು ಪುಟ ಆದ್ರೂ ಸರಿ. ಇನ್‌ಬಾಕ್ಸಿಗೆ ಕಳಿಸಿದ್ರೆ ಟೈಪ್ ಮಾಡಿ, ತಿದ್ದಿ ಕೊಡ್ತೀನಿ. ಅದು ನನಗೆ ಬರೋ ಕೆಲಸ. ಕರಿಯಯ್ಯನ ಹೆಸರು ಅಚ್ಚಾಗಲಿ.

ಒಪ್ಪಿಗೆಯಾದ್ರೆ ಹಂಚ್ಕೊಳ್ಳಿ. ಒಪ್ಪದಿದ್ರೆ ಕೆಳಗೆ ವಾದ ಮಾಡಿ, ಭಾನುವಾರ ರಜೆ, ಉತ್ತರ ಕೊಡ್ತೀನಿ.

ಜೈ ಭೀಮ್.